ಅನ್ಯರೋಗಗಳಲ್ಲಿ ಮಕ್ಕಳ ಥೈರಾಯಿಡ್ ಹಾರ್ಮೋನು: ಒಂದು ಚಾರಿತ್ರಿಕ ವಿವೇಚನೆ

ವೈದ್ಯಶಾಸ್ತ್ರದ ಸಮಸ್ಯೆಯೊಂದನ್ನು ಇತಿಹಾಸದ ಅಭ್ಯಾಸಿಗಳಾದ ನಾವು ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ರಕ್ತಪರೀಕ್ಷೆಯ ಅಂಕಿಯೂ ಒಂದು ದಾಖಲೆಯೇ. ಅದು ಯಾವ ಸನ್ನಿವೇಶದಲ್ಲಿ ಹುಟ್ಟಿತೆಂಬುದನ್ನು ವಿಚಾರಿಸದೆ ಅರ್ಥೈಸಿದರೆ ತಪ್ಪು ನಿರ್ಣಯಕ್ಕೆ ಎಡೆಯಾಗುತ್ತದೆ. ಥೈರಾಯಿಡ್ ಗ್ರಂಥಿ ಆರೋಗ್ಯವಾಗಿದ್ದರೂ ಬೇರೆ ಕಾಯಿಲೆಯಿಂದ ನರಳುವ ಮಗುವಿನಲ್ಲಿ ಅದರ ಹಾರ್ಮೋನು ಇಳಿದಿರುವುದು ಇದಕ್ಕೆ ಉತ್ತಮ ನಿದರ್ಶನ.

1914ರಲ್ಲಿ ಅಮೆರಿಕದ ಕೆಂಡಾಲ್ ಅವರು ಥೈರಾಕ್ಸಿನ್ನನ್ನು ಹರಳುರೂಪದಲ್ಲಿ ಬೇರ್ಪಡಿಸಿದರು. ಇದರ ಅಣುವಿನಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿರುವುದರಿಂದ ಇದನ್ನು ಟಿ-4 ಎನ್ನುತ್ತಾರೆ. ಮೂರು ಪರಮಾಣುಗಳುಳ್ಳ, ಹೆಚ್ಚು ಪ್ರಬಲವಾದ ಟಿ-3ನ್ನು 1952ರಲ್ಲಿ ಲಂಡನ್ನಿನಲ್ಲಿ ಗ್ರಾಸ್ ಮತ್ತು ಪಿಟ್-ರಿವರ್ಸ್ ಅವರು ಕಂಡುಹಿಡಿದರು. ಗ್ರಂಥಿಯ ಹೊರಗೂ ಟಿ-4 ಟಿ-3 ಆಗಿ ಮಾರ್ಪಡುವುದೆಂದು 1970ರಲ್ಲಿ ಬ್ರೇವರ್ಮನ್ ಮತ್ತು ಸಂಗಡಿಗರು ಮನುಷ್ಯರಲ್ಲಿ ತೋರಿಸಿಕೊಟ್ಟರು. ಟಿ-3ರ ಬಹುಭಾಗ ಹೀಗೆ ಹೊರಗಿನ ಅಂಗಾಂಶಗಳಲ್ಲಿಯೇ ಉಂಟಾಗುವುದರಿಂದ, ಅದು ಕಡಮೆಯಾದಾಗ ದೋಷವನ್ನು ಗ್ರಂಥಿಯ ಮೇಲೆಯೇ ಹೊರಿಸಬೇಕಾಗಿಲ್ಲ.

ತೀವ್ರ ಸೋಂಕು, ಉಪವಾಸ, ಕ್ವಾಷಿಯಾರ್ಕರಿನಂತಹ ಅಪೌಷ್ಟಿಕತೆ, ಹೃದಯದ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಮೊದಲು ಇಳಿಯುವುದು ಟಿ-3. ಟಿ-4ನ್ನು ಟಿ-3 ಆಗಿಸುವ ಕಿಣ್ವದ ಕೆಲಸ ಕುಗ್ಗಿ, ಬೇರೊಂದು ಕಿಣ್ವದಿಂದ ನಿಷ್ಕ್ರಿಯವಾದ ವಿಪರ್ಯಸ್ತ ಟಿ-3 ಹೆಚ್ಚುತ್ತದೆ. ಕಾಯಿಲೆ ಉಲ್ಬಣಿಸಿದರೆ ಟಿ-4 ಸಹ ಇಳಿಯುವುದುಂಟು. ಆದರೂ ಗ್ರಂಥಿಯನ್ನು ಪ್ರಚೋದಿಸುವ, ಪಿಟ್ಯುಟರಿಯ ಟಿ.ಎಸ್.ಎಚ್. ಹಾರ್ಮೋನು ನಿರೀಕ್ಷೆಯಂತೆ ಏರುವುದಿಲ್ಲ. ಗುಣಮುಖವಾಗುವಾಗ ಅದು ಕೆಲಕಾಲ ಏರಿ ಮತ್ತೆ ಸಮಸ್ಥಿತಿಗೆ ಬರುತ್ತದೆ.

ಇಲ್ಲಿ ಎರಡು ಅಪಾಯಗಳಿವೆ. ಹುಟ್ಟಿನಿಂದಲೇ ಗ್ರಂಥಿದೋಷವುಳ್ಳ ಶಿಶುವಿಗೆ ಮೊದಲ ವಾರಗಳಲ್ಲಿಯೇ ಚಿಕಿತ್ಸೆ ದೊರೆಯದಿದ್ದರೆ ಬುದ್ಧಿಯ ಬೆಳೆವಣಿಗೆಗೆ ಶಾಶ್ವತ ಹಾನಿಯಾಗಬಹುದು; ಆದುದರಿಂದ ಇಳಿದ ಅಂಕಿಯನ್ನು ಅನ್ಯರೋಗದ ಪರಿಣಾಮವೆಂದು ಸುಮ್ಮನೆ ತಳ್ಳಿಹಾಕಲಾಗದು. ಅಂತಹ ಶಿಶುವಿನಲ್ಲಿ ಸಾಮಾನ್ಯವಾಗಿ ಟಿ.ಎಸ್.ಎಚ್. ಬಹಳ ಏರಿರುತ್ತದೆ. ಆದರೆ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಈ ಏರಿಕೆ ತಡವಾಗಿ ಕಾಣಿಸಬಹುದು; ಪಿಟ್ಯುಟರಿಯೇ ಕೆಟ್ಟಿದ್ದರೆ ಕಾಣದೆಯೂ ಇರಬಹುದು. ಮತ್ತೊಂದು ಅಪಾಯ, ಅಂಕಿಯನ್ನು ಸರಿಪಡಿಸುವ ಆತುರದಿಂದ ಅನಾವಶ್ಯಕವಾಗಿ ಹಾರ್ಮೋನು ಕೊಡುವುದು.

ಈ ಆತುರಕ್ಕೆ ಪ್ರಯೋಗಗಳು ಬೆಂಬಲ ನೀಡಿಲ್ಲ. ಮೂವತ್ತು ವಾರ ತುಂಬುವ ಮೊದಲೇ ಹುಟ್ಟಿದ 200 ಶಿಶುಗಳನ್ನು ಕುರಿತು 1997ರಲ್ಲಿ ಪ್ರಕಟವಾದ ಡಚ್ ಅಧ್ಯಯನದಲ್ಲಿ, ಥೈರಾಕ್ಸಿನ್ನಿನಿಂದ ಒಟ್ಟಾರೆ ಬೆಳೆವಣಿಗೆ ಉತ್ತಮಗೊಳ್ಳಲಿಲ್ಲ. 2016ರಲ್ಲಿ ಪ್ರಕಟವಾದ, ತೀವ್ರ ನಿಗಾ ಘಟಕಗಳ 1440 ಮಕ್ಕಳ ಅಧ್ಯಯನದಲ್ಲಿ, ರಕ್ತನಾಳದ ಮೂಲಕ ಪೋಷಕಾಂಶ ಕೊಡುವುದನ್ನು ಒಂದು ವಾರ ತಡೆದ ಮಕ್ಕಳು ಬೇಗ ಚೇತರಿಸಿಕೊಂಡರು. ಅವರಲ್ಲಿ ಟಿ-3 ಇನ್ನಷ್ಟು ಇಳಿದಿತ್ತೆಂದು ಅನಂತರದ ವಿಶ್ಲೇಷಣೆ ತಿಳಿಸಿತು. ಈ ಇಳಿತ ಸಂಕಟಕಾಲದಲ್ಲಿ ಶಕ್ತಿಯನ್ನು ಉಳಿಸಿಕೊಳ್ಳಲು ದೇಹವೇ ಕೈಗೊಂಡ ಮಿತವ್ಯಯವಿರಬಹುದೆಂಬ ವಾದಕ್ಕೆ ಇದರಿಂದ ಪುಷ್ಟಿ ದೊರೆತಿದೆ. ಟಿ-4ರ ಇಳಿತಕ್ಕೆ ಮಾತ್ರ ಇದೇ ಮಾತು ಸಲ್ಲುವಂತೆ ತೋರದು.

ಇವೆಲ್ಲವುಗಳಿಂದ ನಾವು ಗ್ರಹಿಸಬೇಕಾದುದಿಷ್ಟು: ಒಂದೇ ಅಂಕಿ ತೀರ್ಪಾಗಲಾರದು. ಟಿ.ಎಸ್.ಎಚ್. ಮತ್ತು ಟಿ-4ನ್ನು ಜೊತೆಯಾಗಿ ನೋಡಿ, ಮಗುವಿನ ವಯಸ್ಸು, ಕಾಯಿಲೆ, ಔಷಧಗಳನ್ನು ಪರಿಗಣಿಸಿ, ಸಂಶಯವಿದ್ದಲ್ಲಿ ಮತ್ತೆ ಪರೀಕ್ಷಿಸುವುದೇ ವಿವೇಕದ ಮಾರ್ಗ. ದಾಖಲೆಯನ್ನು ಅದರ ಕಾಲದೇಶಗಳೊಡನೆ ಓದಬೇಕೆಂಬ ನಮ್ಮ ಶಾಸ್ತ್ರದ ನಿಯಮ ಇಲ್ಲಿ ಮಗುವಿನ ಹಿತಕ್ಕೂ ಅನ್ವಯಿಸುತ್ತದೆ.