ಕುಪವಾಡದ ಮಾತು ಕಲಿಸುವ ಪಾಠ

ಬೆಳಗಾವಿ ಜಿಲ್ಲೆಯ ಘೋಡಗೇರಿ, ಹುಕ್ಕೇರಿ, ಗೋಕಾಕ ಕಡೆಯ ಕನ್ನಡಿಗರ ಕಿವಿಗೆ ಮರಾಠಿ, ಉರ್ದು ಹೊಸತಲ್ಲ. ಭಾಷೆಗಳು ಹೀಗೆ ಬೆರೆತರೆ ಮಕ್ಕಳ ಕನ್ನಡ ಕೆಡುತ್ತದೆ ಅನ್ನುವ ದೂರೂ ಹೊಸತಲ್ಲ. ಆದರೆ ಗಡಿಯಾಚೆ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಜನ ನಿಜಕ್ಕೂ ಹೇಗೆ ಮಾತಾಡುತ್ತಾರೆಂದು ಗಮನಿಸಿದ ಭಾಷಾ ಸಂಶೋಧಕರಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಬೇರೆಯದೇ ಚಿತ್ರ ಕೊಟ್ಟರು. ಪುಸ್ತಕದ ಕನ್ನಡಕ್ಕೆ ‘ನಿಮ್ಮ ಮನೆ ಯಾವುದು’ ಅಂದರೆ ಸಾಕು. ಕುಪವಾಡದ ಕನ್ನಡದವರು ಮರಾಠಿಯ ‘ಆಹೆ’ (ಇದೆ) ಬರುವ ಜಾಗದಲ್ಲೇ ‘ಐತಿ’ ಸೇರಿಸುತ್ತಿದ್ದರು. ಅಲ್ಲಿನ ಕನ್ನಡ, ಮರಾಠಿ, ಉರ್ದು ಮೂರೂ ಭಾಷೆಗಳ ವಾಕ್ಯದ ಅಚ್ಚು ಬಹುಪಾಲು ಒಂದೇ ಆಗಿತ್ತು, ಪದಗಳು ಬೇರೆ.

ಹಾಗಾದರೆ ಕನ್ನಡ ಅಳಿಯಿತೇ? ಇಲ್ಲ. ಹೊರಗೆ ಮರಾಠಿ ಆಡಿದ ಜೈನ, ಲಿಂಗಾಯತ ಮನೆಗಳು ಒಳಗೆ ಕನ್ನಡವನ್ನೇ ಉಳಿಸಿಕೊಂಡವು. ಪರೀಕ್ಷೆಗೆ, ಬರವಣಿಗೆಗೆ ಶಿಷ್ಟ ಕನ್ನಡ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಯಾರೊಡನೆ, ಎಲ್ಲಿ, ಯಾವ ಮಾತು ಎಂಬ ತಿಳಿವಳಿಕೆ ವ್ಯಾಕರಣದ ಪಟ್ಟಿಯಲ್ಲಿ ಸಿಗದು. ಜನರ ನಿಜವಾದ ಮಾತುಕತೆಯನ್ನು ಪರಿಶೀಲಿಸುವ ಸಂಕಥನ ವಿಶ್ಲೇಷಣೆ ಹುಡುಕುವುದು ಅದನ್ನೇ. ಶಿಕ್ಷಕರೇ, ಒಪ್ಪಿಗೆ ಪಡೆದು ಸಂತೆಯ ಒಂದು ಚೌಕಾಸಿ ರೆಕಾರ್ಡ್ ಮಾಡಿ, ತರಗತಿಯಲ್ಲಿ ಕೇಳಿಸಿ. ಯಾರು ಎಲ್ಲಿ ಭಾಷೆ ಬದಲಿಸಿದರು, ಯಾಕೆ ಎಂದು ಮಕ್ಕಳನ್ನೇ ಕೇಳಿ.