ಹಳೆಯ ಹಾಯಿದೋಣಿ, ಹೊಸ ಕೈಗಳು

ವಾಚನಾಲಯಕ್ಕೆ ಬರುವ ಮಿತ್ರರು ನಮ್ಮನ್ನು ಕಂಡಾಗಲೆಲ್ಲ "ದೋಣಿ ಏನಾಯಿತು?" ಎಂದು ನಗುತ್ತ ಕೇಳುವುದುಂಟು. ಹಳೆಯ ಹಾಯಿದೋಣಿಯೊಂದನ್ನು ಕೊಂಡು ನಾವು ಮೂವರು ಅದನ್ನು ನಡೆಸಲು ಕಲಿತ ಬಗೆಯನ್ನು ಬರೆದುಕೊಡಬೇಕೆಂದು ಸಂಪಾದಕರೂ ಕೇಳಿದ್ದಾರೆ. ನಮ್ಮಲ್ಲಿ ಒಬ್ಬರು ತುರ್ಭೆಯ ಮಸಾಲೆ ಮಾರ್ಕೆಟ್ಟಿನಲ್ಲಿ ಲೆಕ್ಕ ಬರೆಯುವವರು, ಒಬ್ಬರು ಕಾರಖಾನೆಯ ಫಿಟ್ಟರು, ಇನ್ನೊಬ್ಬರು ಗುಮಾಸ್ತರು. ಇಬ್ಬರು ಬಯಲುಸೀಮೆಯವರು. ಕರಾವಳಿಯವರೆಂಬ ಹೆಮ್ಮೆಯಿದ್ದ ಮೂರನೆಯವರಿಗೂ ಹುಟ್ಟು ಹಾಕಿ ಗೊತ್ತೇ ಹೊರತು ಹಾಯಿ ಕಟ್ಟಿ ಗೊತ್ತಿರಲಿಲ್ಲ. ಹಿಂದೆ ಮಂಗಳೂರಿನ ಹೆಂಚು ಮುಂಬಯಿಗೆ ಬರುತ್ತಿದ್ದುದು ಹಾಯಿಯ ಮಂಜಿಗಳಲ್ಲಿ. ಆ ವಿದ್ಯೆ ಮೊಮ್ಮಕ್ಕಳ ತನಕ ಬರಲಿಲ್ಲ.

ನಮ್ಮದು 'ಎಂಟರ್‌ಪ್ರೈಸ್' ಜಾತಿಯ ದೋಣಿ. ಇಂಗ್ಲೆಂಡಿನ ಜಾಕ್ ಹೋಲ್ಟ್ ಎಂಬವರು 1956ರಲ್ಲಿ ರೂಪಿಸಿದ್ದು. ಸಾಮಾನ್ಯ ಜನರು ಮನೆಯಲ್ಲೇ ಪ್ಲೈವುಡ್ಡಿನಿಂದ ಕಟ್ಟಿಕೊಳ್ಳಬಹುದಾದಂಥದು. ಉದ್ದ 4 ಮೀಟರಿಗೆ ತುಸು ಹೆಚ್ಚು, ಅಗಲ ಸುಮಾರು 1.6 ಮೀಟರು, ಹಾಯಿ ನೀಲಿ. ಕೂರುವವರು ಇಬ್ಬರೇ, ಆದ್ದರಿಂದ ಮೂರನೆಯವರು ಸರದಿಯಂತೆ ದಡದಲ್ಲಿ ಕಾವಲು. ಒಬ್ಬೊಬ್ಬರ ದೀಪಾವಳಿ ಬೋನಸ್ಸಿನ ಅರ್ಧ ಅದಕ್ಕೆ ಹೋಯಿತು. ಮನೆಯಲ್ಲಿ ಏನೆಂದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಹಳೆಯ ದೋಣಿ ಕೊಳ್ಳುವವರು ಬಣ್ಣಕ್ಕೆ ಮರುಳಾಗಬಾರದು. ಕೈಯಲ್ಲೊಂದು ದಬ್ಬಣವಿರಲಿ. ಮಳೆನೀರು ನಿಲ್ಲುವ ಮೂಲೆಗಳಲ್ಲಿ ಮೆಲ್ಲನೆ ಚುಚ್ಚಿ ನೋಡಿ; ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ರೊಟ್ಟಿಯಂತೆ ಒಳಗೆ ಬಿಡುತ್ತದೆ. ಕೂವೆಮರವನ್ನು ಹಿಡಿದು ನಿಲ್ಲಿಸುವ ಉಕ್ಕಿನ ತಂತಿಗಳ ಮೇಲೆ ಹತ್ತಿಬಟ್ಟೆ ಎಳೆಯಿರಿ. ಎಲ್ಲಿ ಬಟ್ಟೆ ಸಿಕ್ಕಿಕೊಂಡಿತೋ ಅಲ್ಲಿ ಎಳೆ ಕಡಿದಿದೆ. ಹಾಯಿಯಲ್ಲಿ ಬಟ್ಟೆಗಿಂತ ಮೊದಲು ಸಾಯುವುದು ಹೊಲಿಗೆ; ಉಗುರಿನಿಂದ ಕೆರೆದರೆ ದಾರ ಪುಡಿಯಾಗುವುದಾದರೆ ದರ್ಜಿಯ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಮಗುಚಿದರೂ ದೋಣಿ ಮುಳುಗದಂತೆ ಕಾಯುವ ಗಾಳಿಚೀಲಗಳನ್ನು ಊದಿ ಒಂದು ರಾತ್ರಿ ಇಟ್ಟು ನೋಡಬೇಕು. ನಮ್ಮ ಎರಡರಲ್ಲಿ ಒಂದು ಬೆಳಗಾಗುವಷ್ಟರಲ್ಲಿ ಹಪ್ಪಳವಾಗಿತ್ತು.

ಇಂಥ ಮಾತು ಬಂದಾಗ ಜೋಶುವಾ ಸ್ಲೋಕಮ್ಮನ ಹೆಸರನ್ನು ಯಾರಾದರೂ ಎತ್ತುತ್ತಾರೆ. ಅಮೆರಿಕದ ಹೊಲವೊಂದರಲ್ಲಿ ಬಿದ್ದಿದ್ದ ಹಳೆಯ ದೋಣಿಯನ್ನು 13 ತಿಂಗಳು ದುಡಿದು, 553 ಡಾಲರು 62 ಸೆಂಟು ಖರ್ಚಿನಲ್ಲಿ ಹೊಸತು ಮಾಡಿ, 1895ರಲ್ಲಿ ಹೊರಟು 1898ರಲ್ಲಿ ಒಬ್ಬನೇ ಭೂಮಿಯನ್ನು ಸುತ್ತಿ ಬಂದವನು ಆತ. ಆದರೆ ಅವನು ಜೀವಮಾನವೆಲ್ಲ ಸಮುದ್ರದಲ್ಲಿ ಪಳಗಿದ ಕಪ್ತಾನ. ಹೊಸತಾಗಿ ಕಲಿಯುವವರಿಗೆ ಅವನ ಉದಾಹರಣೆ ಹುರುಪಿಗೆ ಒಳ್ಳೆಯದು, ಲೆಕ್ಕಕ್ಕೆ ಒಳ್ಳೆಯದಲ್ಲ.

ನೀರಿಗಿಳಿಯುವ ಮೊದಲು ನಾಲ್ಕು ಭಾನುವಾರ ನೆಲದ ಮೇಲೆಯೇ ಕಳೆದವು. ಕೂವೆಮರ ಎತ್ತುವಾಗ ಮೊದಲು ನೋಡಬೇಕಾದದ್ದು ಆಕಾಶವನ್ನು, ವಿದ್ಯುತ್ ತಂತಿ ಇದೆಯೇ ಎಂದು. ನಮ್ಮ ಕೂವೆ ಅಲ್ಯುಮಿನಿಯಮ್ಮಿನದು. ತಂತಿಗೆ ತಗುಲಿದರೆ ಮುಗಿಯಿತು. ಮರ ನಿಂತ ಮೇಲೆ ಮುಂದಕ್ಕೊಂದು, ಎರಡು ಪಕ್ಕಕ್ಕೆ ಒಂದೊಂದು ತಂತಿ ಬಿಗಿಯಬೇಕು. ಆಮೇಲೆ ದೋಣಿಯ ಮೂಗನ್ನು ಗಾಳಿಗೆ ತಿರುಗಿಸಿ ಮುಂದಿನ ಚಿಕ್ಕ ಹಾಯಿಯನ್ನೂ, ಕೊನೆಗೆ ದೊಡ್ಡ ಹಾಯಿಯನ್ನೂ ಏರಿಸಬೇಕು. ಮೂಗು ಬೇರೆ ಕಡೆಗಿದ್ದರೆ ಅರ್ಧ ಏರಿದ ಹಾಯಿಯೇ ದೋಣಿಯನ್ನು ಉರುಳಿಸುತ್ತದೆ. 'ಶೀಟ್' ಎಂದರೆ ಹಾಯಿಯಲ್ಲ, ಹಾಯಿಯನ್ನು ಎಳೆದು ಸಡಿಲಿಸುವ ಹಗ್ಗ. ಲೆಕ್ಕ ಬರೆಯುವ ನಮ್ಮ ಮಿತ್ರರಿಗೆ ಇದು ತಿಂಗಳಾದರೂ ತಲೆಗೆ ಹತ್ತಲಿಲ್ಲ. ಗಂಟಿನ ವಿಷಯದಲ್ಲಿ ಮಾತ್ರ ಬಯಲುಸೀಮೆಯವರೇ ಗೆದ್ದರು. ನಾವಿಕರ ಬೋಲೈನ್ ಗಂಟು ನಮ್ಮಲ್ಲಿ ಎತ್ತಿನ ಕೊರಳಿಗೆ ಹಾಕುವ ಗಂಟಿನ ಹಾಗೆಯೇ: ಎಷ್ಟು ಎಳೆದರೂ ಉರುಳಾಗಿ ಬಿಗಿಯದು.

ಗಾಳಿಗೆ ಎದುರಾಗಿ ಹಾಯಿದೋಣಿ ಹೋಗುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನೆನೆದ ಹುಣಿಸೆ ಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಅದು ಮುಂದಕ್ಕೆ ಚಿಮ್ಮುತ್ತದೆಯಷ್ಟೆ. ಇಲ್ಲಿ ಒಂದು ಬೆರಳು ಹಾಯಿಯ ಮೇಲಿನ ಗಾಳಿ, ಇನ್ನೊಂದು ದೋಣಿಯ ನಡುವಿನಿಂದ ನೀರಿಗೆ ಇಳಿಬಿಟ್ಟ ಹಲಗೆ. ಹಲಗೆ ಪಕ್ಕಕ್ಕೆ ಜಾರಗೊಡದು. ದೋಣಿ ಮುಂದಕ್ಕೆ ಹೋಗಲೇಬೇಕು. ಆದರೂ ನೇರವಾಗಿ ಗಾಳಿಯ ಮೋರೆಗೆ ಹೋಗಲಾಗದು. ಗಾಳಿಗೆ ಸುಮಾರು 45 ಅಂಶ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಘಟ್ಟದ ರಸ್ತೆಯ ತಿರುವುಗಳಂತೆ ಹತ್ತಬೇಕು. ಪ್ರತಿ ತಿರುವಿನಲ್ಲೂ ಹಾಯಿಯ ಕೆಳಗಿನ ಅಡ್ಡಮರ ತಲೆಯ ಮೇಲಿಂದ ಬೀಸಿ ಬರುತ್ತದೆ. ಬಗ್ಗದವರಿಗೆ ಅದು ತಾನೇ ಬಗ್ಗುವುದನ್ನು ಕಲಿಸುತ್ತದೆ.

ಇಷ್ಟು ಕಲಿತು, ಜಂಬದಿಂದ ಒಂದು ಭಾನುವಾರ ಮಧ್ಯಾಹ್ನ ಒಂದೂವರೆಗೆ ವಾಶಿ ಸೇತುವೆಯ ದಕ್ಷಿಣಕ್ಕೆ ಹೊರಟೆವು. ಅಂದು ಅಮಾವಾಸ್ಯೆ. ಊರಲ್ಲಾಗಿದ್ದರೆ ಹಿರಿಯರು ಹೊಸ ಕೆಲಸಕ್ಕೆ ಬಿಡುತ್ತಿರಲಿಲ್ಲ, ಮತ್ತು ಈ ಸಲ ಅವರ ಮಾತೇ ಸರಿಯಾಗುತ್ತಿತ್ತು. ಬೇಸಗೆಯ ಮಧ್ಯಾಹ್ನ ಇಲ್ಲಿ ಸಮುದ್ರದ ಗಾಳಿ ವಾಯವ್ಯದಿಂದ ಬೀಸುತ್ತದೆ. ಗಾಳಿ ಓರೆ ಬೆನ್ನಿಗೆ, ಇಳಿತದ ಸೆಳೆತವೂ ಅದೇ ದಿಕ್ಕಿಗೆ, ದೋಣಿ ಹಾರಿತು. ಇದೆಲ್ಲ ನಮ್ಮ ಜಾಣ್ಮೆ ಎಂದುಕೊಂಡೆವು. ಹಿಂತಿರುಗಲು ಮೂಗು ತಿರುಗಿಸಿದಾಗ ಗಾಳಿಯೂ ಎದುರು, ನೀರೂ ಎದುರು. ಹತ್ತು ತಿರುವು ತಿರುಗಿದರೂ ದಡದ ಅದೇ ಕಾಂಡ್ಲಾಗಿಡ ಎದುರಿಗೆ. ನಾಲ್ಕು ಗಂಟೆಗೆ ಒಂದು ತಿರುವಿನಲ್ಲಿ ಅಂಚಿಗೆ ಹೋಗಿ ಕೆಸರಿನಲ್ಲಿ ಕೂತೆವು.

ತಳ್ಳೋಣವೆಂದು ಫಿಟ್ಟರು ಒಂದು ಕಾಲು ಇಳಿಸಿದರು. ತೊಡೆಯ ತನಕ ಹೋಯಿತು. ದೋಣಿಯ ಅಂಚನ್ನು ತಬ್ಬಿಕೊಂಡಿದ್ದರಿಂದ ಅವರನ್ನು ಮೇಲಕ್ಕೆಳೆಯಲು ಸಾಧ್ಯವಾಯಿತು. ಚಪ್ಪಲಿ ಈಗಲೂ ಅಲ್ಲೇ ಇದೆ. ಎರಡು ಕಾಲನ್ನೂ ಇಳಿಸಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ಯೋಚಿಸಲು ಮನಸ್ಸಾಗುವುದಿಲ್ಲ. ದಡದಲ್ಲಿದ್ದ ಮೂರನೆಯವರು ಕೋಳಿವಾಡದ ಹಿರಿಯರೊಬ್ಬರ ಬಳಿಗೆ ಓಡಿ ಅಲ್ಲಿಂದ ಫೋನು ಮಾಡಿದರು: "ಕಾಕಾ ಹೇಳುತ್ತಾರೆ, ಇಳಿಯಬೇಡಿ, ಹಾಯಿ ಇಳಿಸಿ ಸುಮ್ಮನೆ ಕೂತಿರಿ, ನೀರು ತಾನೇ ಬರುತ್ತದೆ." ಚಂದ್ರನಿಲ್ಲದ ಕತ್ತಲೆಯಲ್ಲಿ ಸೇತುವೆಯ ದೀಪ ನೋಡುತ್ತ ಮೂರೂವರೆ ಗಂಟೆ ಕೂತೆವು. ಏಳೂವರೆಗೆ ದೋಣಿ ಎದ್ದಿತು. ಹುಟ್ಟು ಹಾಕಿಕೊಂಡು, ಒಳಕ್ಕೆ ಬರುವ ನೀರಿನೊಡನೆ ದಡ ಸೇರಿದೆವು.

ಕಾಕಾ ಬೈಯಲಿಲ್ಲ. "ತಿಥಿ ನೋಡಿದಿರಾ?" ಎಂದಷ್ಟೇ ಕೇಳಿದರು. ಅವರ ಲೆಕ್ಕ ಹೀಗಿದೆ: ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ಎಷ್ಟೋ ಅಷ್ಟು ಗಂಟೆಯ ಸುಮಾರಿಗೆ ಉಬ್ಬರ. ಚೌತಿಗೆ 3 ಗಂಟೆ, ಅಷ್ಟಮಿಗೆ 6, ಹುಣ್ಣಿಮೆ-ಅಮಾವಾಸ್ಯೆಗೆ ಹನ್ನೊಂದೂಕಾಲು. ಖಾಡಿಯ ಒಳಗೆ ಇನ್ನೊಂದಿಷ್ಟು ತಡ. ಉಬ್ಬರವಾದ ಆರು ಗಂಟೆಗೆ ಇಳಿತ. ಇದರ ಹಿಂದಿನ ಕಾರಣ ಸರಳ. ಉಬ್ಬರವನ್ನು ಎಳೆಯುವುದು ಮುಖ್ಯವಾಗಿ ಚಂದ್ರ. ಅವನು ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತಾನೆ, ಉಬ್ಬರವೂ ಅಷ್ಟೇ ತಡ. ಮುಕ್ಕಾಲು ಗಂಟೆ ಎಂಬುದು ಬಾಯಿಲೆಕ್ಕಕ್ಕೆ ಒಗ್ಗಿದ ಅಂಕಿ. ಸರಿಯಾದ ವೇಳೆಗೆ ಮುದ್ರಿತ ಪಟ್ಟಿಯಿದೆ, ಮೊಬೈಲಿನಲ್ಲೂ ಸಿಗುತ್ತದೆ. ಆದರೆ ನಮ್ಮ ವಾಚನಾಲಯದ ಗೋಡೆಯ ಪಂಚಾಂಗ ನೋಡಿ ಭಾನುವಾರವನ್ನು ಆರಿಸುವುದಕ್ಕೆ ಈ ಲೆಕ್ಕ ಸಾಕು.

ಈಗ ನಾವು ಅಷ್ಟಮಿಯ ಆಸುಪಾಸಿನ ಭಾನುವಾರಗಳಲ್ಲೇ ಹೋಗುತ್ತೇವೆ. ಆಗ ಉಬ್ಬರ-ಇಳಿತಗಳ ಅಂತರ ಕಡಿಮೆ, ಸೆಳೆತ ಸೌಮ್ಯ. ಅಲ್ಲದೆ ಮಧ್ಯಾಹ್ನವೆಲ್ಲ ನೀರು ಏರುತ್ತಲೇ ಇರುತ್ತದೆ. ಹೋಗುವಾಗ ಎದುರು, ಬರುವಾಗ ಜೊತೆಗೆ. ಕೆಸರಿನಲ್ಲಿ ಕೂತರೂ ಕೊಂಚ ಹೊತ್ತಿನಲ್ಲಿ ಅದೇ ಎತ್ತಿಬಿಡುತ್ತದೆ. ಸೇತುವೆಯ ಉತ್ತರಕ್ಕೆ ಹೋಗುವುದಿಲ್ಲ. ಅತ್ತ ಐರೋಲಿಯವರೆಗೆ 2015ರಲ್ಲಿ ಘೋಷಿಸಿದ ರಾಜಹಂಸಗಳ ಅಭಯಾರಣ್ಯವಿದೆ, ಅನುಮತಿಯಿಲ್ಲದೆ ನುಗ್ಗುವುದು ತಪ್ಪು. ದೋಣಿ ಇಳಿಸುವವರು ಮೊದಲು ಬಂದರು ಕಚೇರಿಯಲ್ಲೂ ವಿಚಾರಿಸಿಕೊಳ್ಳಬೇಕು.

ಮಳೆಗಾಲ ಹತ್ತಿರವಾದ್ದರಿಂದ ಕೂವೆ ಇಳಿಸಿ ದೋಣಿಯನ್ನು ಬಲೆಗಳ ಪಕ್ಕದಲ್ಲಿ ಬೋರಲು ಹಾಕಿದ್ದೇವೆ. ಕೋಳಿ ಜನರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವ ನಾರಳಿ ಹುಣ್ಣಿಮೆಯ ಮುಂಚೆ ಅದು ನೀರಿಗಿಳಿಯದು. ಅಷ್ಟರೊಳಗೆ ಬಣ್ಣ ಕೆರೆದು ಎರಡು ಹಲಗೆ ಬದಲಾಯಿಸಬೇಕಾಗಿದೆ. ಮಳೆ ಬಿಟ್ಟ ಭಾನುವಾರ ಬೆಳಿಗ್ಗೆ ಬರಬಯಸುವವರು ವಾಚನಾಲಯದ ಪುಸ್ತಕದಲ್ಲಿ ಹೆಸರು ಬರೆಯಲಿ. ಈಜು ಬಲ್ಲವರು ಹೆಸರಿನ ಮುಂದೆ ಹಾಗೆಂದು ಬರೆಯಬೇಕು. ಬಾರದವರು ಕೆರೆಯುವುದಕ್ಕೆ ಬರಬಹುದು, ನೀರಿಗೆ ಮಾತ್ರ ಈಜು ಕಲಿತ ಮೇಲೆ. ತೇಲುವ ಅಂಗಿ ನಮ್ಮಲ್ಲಿ ಇರುವುದು ಎರಡೇ.