ವ್ಯಾಯಾಮವೂ ರಕ್ತದೊತ್ತಡವೂ

ನವಲಗುಂದದ ಎರೆಹೊಲಗಳಲ್ಲಿ ಹರಗುವುದು, ಕಳೆ ತೆಗೆಯುವುದೇ ನಮ್ಮ ಹಿರಿಯರ ವ್ಯಾಯಾಮವಾಗಿತ್ತು. ಟ್ರ್ಯಾಕ್ಟರು ಬಂದಿತು, ನನ್ನ ತಂದೆಯವರು ಕಟ್ಟೆ ಹಿಡಿದರು. ಅವರಿಗೆ ರಕ್ತದೊತ್ತಡವೆಂದು ತಿಳಿದಾಗ ನೆರೆಯವರು, “ಇನ್ನ ದಣೀಬ್ಯಾಡ್ರಿ, ಸುಮ್ನ ಕೂಡ್ರಿ” ಎಂದರು. ಈ ಉಪದೇಶವು ಸರಿಯಲ್ಲ.

ನಡೆಯುವಾಗ ಒತ್ತಡವು ಏರುವುದು ನಿಜ. ಆದರೆ ರಭಸದಿಂದ ಹರಿಯುವ ರಕ್ತವು ನಾಳದ ಒಳಪದರವನ್ನು ತೀಡಿದಾಗ ಅಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವು ಹುಟ್ಟಿ, ನಾಳವು ಸಡಿಲಗೊಂಡು ಹಿಗ್ಗುತ್ತದೆ. ಈ ಅನಿಲದ ಮಹಿಮೆಯನ್ನು ಕಂಡುಹಿಡಿದವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಿತ್ಯದ ಅಭ್ಯಾಸದಿಂದ, ಅಧಿಕ ಒತ್ತಡವಿರುವವರಲ್ಲಿ ಮೇಲಿನ ಅಂಕೆಯು ಸುಮಾರು 5ರಿಂದ 8 ಮಿಲಿಮೀಟರ್ ಪಾದರಸದಷ್ಟು ಇಳಿಯುವುದುಂಟು. ಉಸಿರು ಬಿಗಿಹಿಡಿದು ಗುಂಡುಕಲ್ಲು ಎತ್ತುವುದು ಮಾತ್ರ ಅಂಥವರಿಗೆ ಸಲ್ಲದು. ಒತ್ತಡವು ಥಟ್ಟನೆ ಏರುತ್ತದೆ.

ವೈದ್ಯರನ್ನು ಕೇಳಿ, ಗುಳಿಗೆಯನ್ನು ಬಿಡದೆ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೆ ಒಳಿತು. ತಂದೆಯವರೀಗ ನಸುಕಿನಲ್ಲೇ ಹೊಲದ ದಾರಿ ಹಿಡಿಯುತ್ತಾರೆ. ರಜೆಯಲ್ಲಿ ನಾನೂ ಅವರ ಬೆನ್ನಿಗೆ.